ಮೊನೆ ಮುದ್ದೆಯೊಳಗೇ ಉಳಿದಿತ್ತು

ಕೊಡಗಿನ ಕಡೆ ಕಾವೇರಿ, ಪರವಾನಗಿ ಪಡೆದು ಬಿಳಿಮೀನಿಗೆ (ಮಹ್ಸೀರ್) ಗಾಳ ಹಾಕುವ ನೀರು, ಬೆಳಗ್ಗೆ ಆರೂವರೆ. ಬಂಡೆಸಾಲು ಮುಗಿದು ಮಡು ಶುರುವಾಗುವ ಜಾಗಕ್ಕೆ ಗಾಳಕ್ಕೆ ಕಟ್ಟಿದ ರಾಗಿ ಮುದ್ದೆ ಎಸೆದು ಇಪ್ಪತ್ತು ನಿಮಿಷವಾಗಿತ್ತು. ರಾಡಿನ ತುದಿ ಎರಡು ಸಲ ತಲೆಯಾಡಿಸಿತು. ಪುಟ್ಟ ಮೀನು ಕುಕ್ಕುತ್ತಿದೆ ಅಂದುಕೊಂಡೆ. ಮೂರನೆಯದಕ್ಕೆ ತುದಿ ಬಾಗಿ ಹಾಗೇ ನಿಂತಿತು, ರೀಲು ಕಿರ್ರೆಂದು ಬಿಚ್ಚಿಕೊಂಡಿತು. ನಾನು ಗೈಡ್ ಆಗಿ ಕರೆತಂದಿದ್ದ ಗೆಸ್ಟ್, ಗಾಳ ನೆಡಲೆಂದು ರಾಡನ್ನು ಜಗ್ಗಿ ಹೊಡೆದರು. ಭಾರ ಸಿಕ್ಕಿತು. ಹತ್ತು ಸೆಕೆಂಡು, ಬಹಳವೆಂದರೆ ಹನ್ನೆರಡು, ಮೀನು ಕೆಳಗಿನ ಬಂಡೆ ಕಡೆಗೆ ಎಳೆದೊಯ್ದಿತು. ಆಮೇಲೆ ಲೈನು ಸಡಿಲ.

‘ಸಾರ್, ಸ್ವಲ್ಪ ಲೇಟಾಗಿ ಹೊಡೆದ್ರಿ’ ಅಂದುಬಿಟ್ಟೆ. ಅವರು ಏನೂ ಹೇಳದೆ ಸುತ್ತಿಕೊಂಡು, ತುದಿಯಲ್ಲಿದ್ದುದನ್ನು ನನ್ನ ಅಂಗೈಗೆ ಹಾಕಿದರು. ಮುದ್ದೆ ಇಡಿಯಾಗಿ ಬಂದಿತ್ತು. ಒಂದು ಪಕ್ಕ ತುಟಿ ಒತ್ತಿದ ತಗ್ಗು, ಇನ್ನೊಂದು ಪಕ್ಕ ಉಜ್ಜಿದ ನುಣುಪು. ಗಾಳದ ಮೊನೆ ಕೂದಲೆಳೆಯಷ್ಟೂ ಹೊರಗೆ ಬಂದಿರಲಿಲ್ಲ. ಮೀನು ಗಾಳಕ್ಕೆ ಸಿಕ್ಕೇ ಇರಲಿಲ್ಲ. ಮುದ್ದೆ ಕಚ್ಚಿಕೊಂಡು ಓಡಿತು, ಬೇಡವೆನಿಸಿದಾಗ ಬಾಯಿ ಬಿಟ್ಟಿತು, ಅಷ್ಟೆ. ಮುದ್ದೆ ಹಿಂದಿನ ಸಂಜೆಯದು, ಕಟ್ಟಿದವನು ನಾನು.

ದೊಡ್ಡ ಮೀನಿಗೆ ದೊಡ್ಡ ಎರೆ ಅನ್ನುವುದು ಸರಿ. ನಿಂಬೆಹಣ್ಣಿನ ಗಾತ್ರಕ್ಕಿಂತ ಸಣ್ಣದಿಟ್ಟರೆ ಚಿಕ್ಕವೇ ತಿಂದು ಮುಗಿಸುತ್ತವೆ. ಆದರೆ ಎರೆ ದೊಡ್ಡದಾದಷ್ಟೂ ಮೊನೆ ಹೊರಬರಲು ದಾರಿ ಬೇಕು. ಮುದ್ದೆ ಹದ ತಪ್ಪುವುದು ಇಲ್ಲೇ. ಒಂದು ಕಿಲೋ ರಾಗಿ ಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ, ಕಿತ್ತಳೆ ಗಾತ್ರದ ಉಂಡೆ ಮಾಡಿ, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬೇಯಿಸಬೇಕು. ತೆಗೆದಾಗ ಹೊರಗೆ ಚರ್ಮದಂತೆ ಬಿಗಿದಿರುತ್ತದೆ, ಒಳಗೆ ಮೆತ್ತಗಿರುತ್ತದೆ. ಬಿಸಿ ಇದ್ದಾಗಲೇ ಕೈಗೆ ಎಣ್ಣೆ ಸವರಿಕೊಂಡು ಆ ಹೊರಪದರ ಒಳಗೆ ಸೇರಿ ಮಾಯವಾಗುವವರೆಗೆ ನಾದಬೇಕು. ಸೋಂಪು, ಬೆಲ್ಲ, ಮಸಾಲೆ ಅಂತ ಒಬ್ಬೊಬ್ಬ ಗೈಡಿನದು ಒಂದೊಂದು ಗುಟ್ಟು. ನನ್ನ ಪ್ರಕಾರ ಹದದ ಮುಂದೆ ಅದೆಲ್ಲ ಒಗ್ಗರಣೆ.

ನಾದಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ರಾತ್ರಿ ಹಾಗೇ ತೆರೆದಿಟ್ಟರೆ ಬೆಳಗ್ಗೆ ಮೇಲ್ಮೈ ರಬ್ಬರು. ಹೆಬ್ಬೆಟ್ಟಿನಿಂದ ಒತ್ತಿ ನೋಡಿ: ತಗ್ಗು ಉಳಿಯಬೇಕು, ಅಂಚು ಬಿರಿಯಬಾರದು. ನಾನು ಆವತ್ತು ಮಾಡಿದ ಪರೀಕ್ಷೆ ಇಷ್ಟೇ, ಅದೂ ಅರೆಗತ್ತಲಲ್ಲಿ. ಮಾಡದೆ ಬಿಟ್ಟ ಪರೀಕ್ಷೆ ಇನ್ನೊಂದು. ಗಾಳಕ್ಕೆ ಮುದ್ದೆ ಕಟ್ಟಿ, ಅದನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಮೊನೆಯ ಕಡೆ ಬೆರಳಿಡದೆ, ಲೈನನ್ನು ತಕ್ಕಡಿ ಕೊಕ್ಕೆಗೆ ಹಾಕಿ ಎಳೆಯಿರಿ. ಒಂದು ಕಿಲೋ ಆಸುಪಾಸಿನ ಎಳೆತಕ್ಕೆ ಗಾಳ ಮುದ್ದೆಯನ್ನು ಸೀಳಿಕೊಂಡು ಹೊರಬರಬೇಕು. ಎರಡು ಕಿಲೋ ಬೇಕಾದರೆ ಆ ಮುದ್ದೆ ಬೇಡ. ಅರವತ್ತು ಮೀಟರ್ ದೂರದಲ್ಲಿ 40 ಪೌಂಡ್ ಎಳೆತ ತಾಳುವ ನೈಲಾನ್ ಲೈನ್ ರಬ್ಬರಿನಂತೆ ಹಿಗ್ಗುತ್ತದೆ, ರಾಡಿನ ಹೊಡೆತದಲ್ಲಿ ಅರ್ಧಕ್ಕರ್ಧ ಅದರಲ್ಲೇ ಕಳೆದುಹೋಗುತ್ತದೆ. ತೀರ ಮೆತ್ತಗೂ ಆಗಬಾರದು, ಎಸೆದಾಗ ಮುದ್ದೆ ಒಂದು ಕಡೆ, ಗಾಳ ಒಂದು ಕಡೆ. ಬಕೆಟ್ ನೀರಿನಲ್ಲಿ ಇಪ್ಪತ್ತು ನಿಮಿಷ ಕರಗದೆ ನಿಂತರೆ ಸಾಕು.

ಇನ್ನು ಗಾಳದ ನಂಬರು. 1/0, 2/0 ಅಂತ ಏರಿದಂತೆ ಗಾಳ ದೊಡ್ಡದಾಗುತ್ತದೆ, ಸರಿ. ಆದರೆ ಒಂದು ಕಂಪನಿಯ 6/0 ಇನ್ನೊಂದರ 5/0ಗಿಂತ ಚಿಕ್ಕದಿರಬಹುದು. ಮ್ಯಾನೇಜ್‌ಮೆಂಟಿನವರು ನಮ್ಮನ್ನು ಕೇಳದೆ ದಪ್ಪ ತಂತಿಯ 8/0 ಡಬ್ಬಿಗಟ್ಟಲೆ ತರಿಸಿದ್ದರು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಬಿಳಿಮೀನಿನ ಕಥೆ ಆಫೀಸಿನಲ್ಲಿ ಬಹಳ ಓಡುತ್ತದೆ. ಅಂಥ ಮೀನು ನಮ್ಮ ನೀರಿಗೆ ಯಾವಾಗ ಬರುತ್ತದೋ, ಗಾಳ ಮಾತ್ರ ಬಂದಿದೆ. ದಪ್ಪ ತಂತಿಯ ಮೊನೆ ತುಟಿಗೆ ಇಳಿಯಲು ಹೆಚ್ಚು ಬಲ ಬೇಕು. ನಿಂಬೆ ಗಾತ್ರದ ಮುದ್ದೆಗೆ 5/0 ಅಥವಾ 6/0 ಒಂಟಿ ಗಾಳ ಸಾಕು. ಮುದ್ದೆಯನ್ನು ಗಾಳದ ಕಾಂಡಕ್ಕೆ ಒತ್ತಿ ಕಟ್ಟಿ, ಬಾಗಿನ ಕಡೆ ತೆಳುವಾಗಿಸಿ, ಮೊನೆಯ ಮೇಲೆ ಒಂದು ಪದರವಷ್ಟೇ ಇರಲಿ. ಗಾಳದ ಬಾಯಿ, ಅಂದರೆ ಮೊನೆಗೂ ಕಾಂಡಕ್ಕೂ ನಡುವಿನ ತೆರವು, ಪೂರ್ತಿ ತುಂಬಿದರೆ ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಹುಕ್ ಕೂಡ ದಂಡ. ತಿರುಗಿ ಬಾಯಿಯ ಮೂಲೆ ಹಿಡಿಯಲು ಅದಕ್ಕೆ ಜಾಗವೇ ಇರುವುದಿಲ್ಲ. ಸರ್ಕಲ್ ಹುಕ್ ಹಾಕಿದ ದಿನ ಹೊಡೆಯಲೂ ಬಾರದು, ಲೈನು ನಿಧಾನ ಬಿಗಿ ಮಾಡಿದರೆ ಆಯಿತು. ಇದನ್ನು ಗೆಸ್ಟುಗಳಿಗೆ ಹತ್ತು ಸಲ ಹೇಳಿ, ಹನ್ನೊಂದನೆಯ ಸಲ ನಾವೇ ‘ಹೊಡೀರಿ’ ಅಂತ ಕೂಗುತ್ತೇವೆ.

ಬೇಯಿಸಿದ ಗಟ್ಟಿ ಉಂಡೆಯೇ ಬೇಕೆಂದರೆ ಹೇರ್ ರಿಗ್ ಮಾಡಿ. ಗಾಳದ ಕಾಂಡದಿಂದ ಎರಡಿಂಚು ದಾರ ಇಳಿಬಿಟ್ಟು ಉಂಡೆಯನ್ನು ಅದಕ್ಕೆ ಪೋಣಿಸಿದರೆ ಗಾಳ ಬರಿದಾಗಿ ಉಳಿಯುತ್ತದೆ. ಮೊನೆ ಹೂತುಹೋಗುವ ಪ್ರಶ್ನೆಯೇ ಇಲ್ಲ. ಹಳಬರು ಇದನ್ನು ಕಂಡರೆ ನಗುತ್ತಾರೆ. ನಗಲಿ.

ಗಾಳದ ಒಳಮುಳ್ಳನ್ನು ಇಕ್ಕಳದಿಂದ ಪೂರ್ತಿ ಒತ್ತಿಬಿಡಬೇಕು. ಹತ್ತಿಬಟ್ಟೆಗೆ ಚುಚ್ಚಿ ತೆಗೆದಾಗ ಒಂದು ಎಳೆಯೂ ಸಿಕ್ಕಬಾರದು. ಮೂರು ಮೊನೆಯ ಟ್ರೆಬಲ್ ನಮ್ಮಲ್ಲಿ ಇಲ್ಲವೇ ಇಲ್ಲ. ಬಿಳಿಮೀನಿನ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಎರೆ ಅಲ್ಲಿಗೆ ಹೋದರೆ ಗಾಳವೂ ಚಪ್ಪಟೆಯಾಗುತ್ತದೆ, ಮೀನೂ ಉಳಿಯುವುದಿಲ್ಲ. ಹಿಡಿದದ್ದನ್ನೆಲ್ಲ ಬಿಡಬೇಕಾದ ನೀರಿನಲ್ಲಿ ಅದು ಸಲ್ಲದು. ಕಾವೇರಿಯ ಡುಬ್ಬದ ಬಿಳಿಮೀನನ್ನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಒಂದು ಕಾಲಕ್ಕೆ ಗಾಳಕ್ಕೆ ಹೆಸರಾಗಿದ್ದ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕಾವೇರಿ ಅಭಯಾರಣ್ಯದೊಳಗಿನ ಜಾಗಗಳು, ಅಲ್ಲಿ ಹಳೆಯ ಫೋಟೊ ತೋರಿಸಿ ಗಾಳ ಬಿಡಲು ಹೊರಡಬೇಡಿ. ಜೀವಂತ ಎರೆ ವಿಚಾರದಲ್ಲೂ ಪರವಾನಗಿ ಚೀಟಿಯಲ್ಲಿ ಏನಿದೆಯೋ ಅಷ್ಟೇ. ಬೇರೆ ಕೆರೆಯ ಮೀನುಮರಿ ಡಬ್ಬಿಯಲ್ಲಿ ತರುವವರನ್ನು ಗೇಟಿನಲ್ಲೇ ನಿಲ್ಲಿಸುತ್ತೇವೆ. ಸಾಕಣೆಗೇ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಅದರಲ್ಲಿದ್ದು ಒಂದು ತಪ್ಪಿಸಿಕೊಂಡರೂ ಹೊಳೆಗೆ ಕೇಡು.

ಲೈನಿಗೆ ಭಾರಕ್ಕೆಂದು ಹಾಕುವ ಸೀಸ ಮಾತ್ರ ಹಳೆಯ ಪದ್ಧತಿಯದೇ ಚೆನ್ನ. ಸೀಸದ ಗುಂಡು ಬಂಡೆಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೀಸದ ಪಟ್ಟಿಯನ್ನು ಗಾಳದಿಂದ ಎರಡಡಿ ಮೇಲೆ ಸುತ್ತಿದರೆ ಜೋರಾಗಿ ಎಳೆದಾಗ ಜಾರಿ ಬಿಟ್ಟುಕೊಡುತ್ತದೆ.

ಆ ಗೆಸ್ಟಿಗೆ ಸಂಜೆ ಕ್ಷಮೆ ಕೇಳಿದೆ. ‘ಮುದ್ದೆ ಊಟಕ್ಕೂ ಇದೇನಾ?’ ಅಂದರು. ಗಾಳ ತರಿಸಲು ಬರೆಯುವ ಈ ಸಲದ ಇಂಡೆಂಟಿನಲ್ಲಿ ನಂಬರ್ ಬರೆಯದೆ, ಗಾಳದ ಬಾಯಿ 18 ಮಿ.ಮೀ., ತೆಳು ತಂತಿ, ಒಳಮುಳ್ಳಿಲ್ಲದ್ದು ಅಂತ ಬರೆದು ಕಳಿಸಿದ್ದೇನೆ. ಅಕೌಂಟ್ಸಿನಿಂದ ನಿನ್ನೆ ಫೋನು: ‘ಅದೆಲ್ಲ ಇರಲಿ, ಎಷ್ಟನೇ ನಂಬರ್ ಅಂತ ಹಾಕಲಿ?’