ಟಿಕೆಟ್ ಇಟ್ಟರೆ ದಾವಣಗೆರೆಯಲ್ಲಿ ಹಾಡು ಕೇಳೋಕೆ ಯಾರು ಬರ್ತಾರೆ?

ತಾವೇ ಬರೆದು, ತಾವೇ ರಾಗ ಹಾಕಿದ ಹಾಡುಗಳನ್ನು ಹಾಡುವವರಿಗಾಗಿ ನಾನು ಮತ್ತು ಕೆಲವು ಗೆಳೆಯರು ದಾವಣಗೆರೆಯಲ್ಲಿ ಸಣ್ಣ ಸಣ್ಣ ಕಾರ್ಯಕ್ರಮ ನಡೆಸುತ್ತೇವೆ. ಸಿನಿಮಾ ಹಾಡು ಇರುವುದಿಲ್ಲ. ಭಾಷಣ ಇರುವುದಿಲ್ಲ. ಟಿಕೆಟ್ ಇರುತ್ತದೆ, ನೂರೈವತ್ತು ರೂಪಾಯಿ. ಟಿಕೆಟ್ ಮಾತು ಬಂದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ. "ಅಕ್ಕಾ, ಇಲ್ಲಿ ದುಡ್ಡು ಕೊಟ್ಟು ಹಾಡು ಕೇಳೋಕೆ ಯಾರು ಬರ್ತಾರೆ? ಬೆಂಗಳೂರಲ್ಲಿ ಮಾಡಬಾರದಾ?" ಸೌಂಡ್ ಸಿಸ್ಟಮ್‌ನವರು ಕೇಳಿದ್ದಾರೆ, ಹಾಲ್ ಬಾಡಿಗೆಗೆ ಕೊಡುವವರು ಕೇಳಿದ್ದಾರೆ, ನಮ್ಮ ಚಿಕ್ಕಪ್ಪ ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತಾರೆ. ಹಾಡುವ ಹುಡುಗರೇ ಎಷ್ಟೋ ಸಲ ಕೇಳುತ್ತಾರೆ.

ಬರ್ತಾರೆ. ದುಡ್ಡು ಕೊಟ್ಟು ಕಲೆ ನೋಡುವುದನ್ನು ಈ ಊರಿಗೆ ನಾವು ಕಲಿಸಬೇಕಾಗಿಲ್ಲ. ಅದು ಇಲ್ಲಿ ಮೊದಲಿಂದಲೂ ಇತ್ತು.

ಕಂಪನಿ ನಾಟಕಗಳ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಊರು ಇದು. ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಊರಿಂದ ಊರಿಗೆ ಕ್ಯಾಂಪ್ ಹಾಕುತ್ತಾ ದಶಕಗಳ ಕಾಲ ಬದುಕಿದ್ದು ಯಾವ ಸರ್ಕಾರದ ಅನುದಾನದಿಂದ? ಟಿಕೆಟ್‌ನಿಂದ. ಅಂದಿನ ಕಂಪನಿ ನಾಟಕಗಳಲ್ಲಿ ನೆಲಕ್ಕೊಂದು ದರ, ಕುರ್ಚಿಗೊಂದು ದರ. ಆಗ ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಗಿತ್ತು. ಪಾಳಿ ಮುಗಿಸಿ ಬಂದವರು ಜೇಬಿನಿಂದ ಚಿಲ್ಲರೆ ಎಣಿಸಿ ಕೊಟ್ಟು ಒಳಗೆ ಕೂರುತ್ತಿದ್ದರು. ಹಾರ್ಮೋನಿಯಂ ನುಡಿಸುವವರಿಗೂ, ಹಾಡುವ ನಟಿಗೂ, ಪರದೆ ಎಳೆಯುವವರಿಗೂ ಆ ಚಿಲ್ಲರೆಯೇ ಸಂಬಳ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಈಗಲೂ ಹಲವು ಕಂಪನಿಗಳು ಒಟ್ಟಿಗೇ ಟೆಂಟ್ ಹಾಕುತ್ತವೆ, ಜನ ಟಿಕೆಟ್ ಕೊಂಡೇ ಹೋಗುತ್ತಾರೆ.

ಇನ್ನೂ ಒಂದು ವಿಷಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸುತ್ತಾರಲ್ಲ, ಆ ಆಶ್ರಮವನ್ನು ನಡೆಸಲು ಅವರು ನಾಟಕ ಕಂಪನಿಯನ್ನೇ ಕಟ್ಟಿದ್ದರು. ಪುಟ್ಟರಾಜ ಗವಾಯಿಗಳು ಆ ಕಂಪನಿಗೆ ತಾವೇ ನಾಟಕ ಬರೆದುಕೊಟ್ಟರು. ನಾಟಕದ ಕಲೆಕ್ಷನ್‌ನಿಂದ ಮಕ್ಕಳ ಊಟ, ವಿದ್ಯೆ ನಡೆಯಿತು. ಪುಣ್ಯಾಶ್ರಮ ದಾವಣಗೆರೆಯಲ್ಲೂ ಇದೆ. ಟಿಕೆಟ್ ಇಟ್ಟರೆ ಕಲೆ ವ್ಯಾಪಾರ ಆಗುತ್ತದೆ ಅಂತ ಯಾರಾದರೂ ಅಂದಾಗ ನನಗೆ ಮೊದಲು ನೆನಪಾಗುವುದು ಇದು.

ಹಾಗಿದ್ದರೆ ಈಗ ಯಾಕೆ ಎಲ್ಲರಿಗೂ ಅನುಮಾನ? ನಮ್ಮ ಕಡೆ ಈಗ ಹಾಡಿನ ಕಾರ್ಯಕ್ರಮ ಅಂದರೆ ರಸಮಂಜರಿ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಜಾತ್ರೆಗೆ. ಎಲ್ಲ ಪುಕ್ಕಟೆ. ದುಡ್ಡು ಹಾಕಿದವರು ಬೇರೆ ಯಾರೋ ಇರುತ್ತಾರೆ, ಸಂಜೆಯೂ ಅವರದ್ದೇ ಆಗುತ್ತದೆ. ಗಣ್ಯರು ಬರುವವರೆಗೆ ಕಾಯಬೇಕು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆ. ಹಾಡುವವರ ಕೈಗೆ ಮೈಕ್ ಬರುವಷ್ಟರಲ್ಲಿ ಒಂಬತ್ತೂವರೆ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಕೆಲವು ದಿನ ಸಡಿಲಿಕೆ ಸಿಗಬಹುದು, ಇಲ್ಲದಿದ್ದರೆ ಪೊಲೀಸರು ಬಂದು ನಿಲ್ಲಿಸುತ್ತಾರೆ. ತಿಂಗಳುಗಟ್ಟಲೆ ತಾಲೀಮು ಮಾಡಿದ ಹುಡುಗಿಯೊಬ್ಬಳು ಎರಡು ಹಾಡು ಹಾಡಿ ಇಳಿದು ಬಂದದ್ದನ್ನು ನಾನು ನೋಡಿದ್ದೇನೆ. ಅವಳ ಸ್ವಂತ ಹಾಡಿಗೆ ಸಮಯ ಸಿಗಲೇ ಇಲ್ಲ.

ರಸಮಂಜರಿಯ ಕಲಾವಿದರ ಮೇಲೆ ನನಗೆ ತುಂಬಾ ಗೌರವ. ಈ ಊರಿನ ಕೈಪಳಗಿದ ಕೀಬೋರ್ಡ್‌ನವರು, ರಿದಂ ಪ್ಯಾಡ್‌ನವರು, ಢೋಲಕ್‌ನವರು ಅಲ್ಲೇ ಇರುವುದು. ಯಾವ ಶ್ರುತಿ ಅಂದರೂ ಮರುಕ್ಷಣ ಶುರು ಮಾಡುತ್ತಾರೆ. ಗಾಯಕ ಒಂದು ಸಾಲು ಮರೆತರೆ ಕೇಳುವವರಿಗೆ ಗೊತ್ತಾಗದ ಹಾಗೆ ಎತ್ತಿಕೊಳ್ಳುತ್ತಾರೆ. ಆದರೆ ಅವರಿಗೂ ಒಳಗೊಳಗೇ ತಮ್ಮದೇ ರಾಗಗಳಿರುತ್ತವೆ. ನಮ್ಮಲ್ಲಿ ನುಡಿಸುವ ರಿದಂ ಪ್ಯಾಡ್ ಅಣ್ಣ ಒಬ್ಬರು ಮದುವೆ ಸೀಸನ್‌ನಲ್ಲಿ ಬಿಡುವೇ ಇಲ್ಲದವರು. ಅವರು ಕಟ್ಟಿದ ರಾಗಗಳು ಮೊಬೈಲ್‌ನಲ್ಲಿ ಗುನುಗಿ ಇಟ್ಟುಕೊಂಡ ಹಾಗೇ ಇದ್ದವು. ಹಾಡಿಸುವವರು ಯಾರೂ ಇರಲಿಲ್ಲ, ಅಷ್ಟೇ. ಈಗ ಇಂಜಿನಿಯರಿಂಗ್ ಓದುವ ಇಬ್ಬರು ಅವಕ್ಕೆ ಸಾಹಿತ್ಯ ಬರೆಯುತ್ತಿದ್ದಾರೆ. ಇಷ್ಟೊಂದು ಕಾಲೇಜು, ಹಾಸ್ಟೆಲ್ ಇರುವ ಊರಲ್ಲಿ ಗಿಟಾರ್ ಹಿಡಿದವರಿಗೆ ಬರವಿಲ್ಲ. ಚರ್ಚ್‌ನಲ್ಲಿ ಹಾಡುವವರು ಇದ್ದಾರೆ, ಭಜನಾ ಮಂಡಳಿಯವರು ಇದ್ದಾರೆ. ಇವರೆಲ್ಲ ಒಂದೇ ಊರಲ್ಲಿದ್ದೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಟಿಕೆಟ್ ಇಟ್ಟಾಗ ಸಂಜೆ ಯಾರದ್ದು ಅನ್ನುವುದು ಬದಲಾಗುತ್ತದೆ. ಹಾಡುವವರದ್ದು, ಕೇಳುವವರದ್ದು, ಮಧ್ಯೆ ಬೇರೆ ಯಾರೂ ಇಲ್ಲ. ಏಳು ಗಂಟೆ ಅಂದರೆ ಏಳಕ್ಕೆ ಶುರು ಮಾಡಲೇಬೇಕು, ದುಡ್ಡು ಕೊಟ್ಟವರು ಕೇಳುತ್ತಾರೆ. ಅವರೂ ಏಳಕ್ಕೆ ಮೊದಲೇ ಬಂದು ಕೂರುತ್ತಾರೆ. ಒಂಬತ್ತಕ್ಕೆ ಮುಗಿಸುತ್ತೇವೆ, ಹರಿಹರ, ಮಲೇಬೆನ್ನೂರು ಕಡೆಯವರಿಗೆ ಬಸ್ ಸಿಗಬೇಕಲ್ವಾ. ಲೆಕ್ಕವೂ ಕಷ್ಟದ್ದೇನಲ್ಲ. ಎಂಬತ್ತು ಕುರ್ಚಿ ಪೂರ್ತಿ ದರಕ್ಕೆ ತುಂಬಿದರೆ 12,000 ರೂಪಾಯಿ. ಮೊದಲು ಜಾಗ ಮತ್ತು ಸೌಂಡ್ ಬಾಡಿಗೆ, ಉಳಿದದ್ದೆಲ್ಲ ಕಲಾವಿದರಿಗೆ. ಇದರಿಂದ ಯಾರ ಸಂಸಾರವೂ ನಡೆಯುವುದಿಲ್ಲ, ನಿಜ. ಆದರೆ ಸ್ವಂತ ಹಾಡಿಗೆ ಮೊದಲ ಸಲ ದುಡ್ಡು ಬಂತು ಅನ್ನುವುದಕ್ಕೆ ಬೇರೆಯೇ ಬೆಲೆ ಇದೆ. ವಿದ್ಯಾರ್ಥಿಗಳಿಗೆ ಅರ್ಧ ದರ. ಅದೂ ಕಷ್ಟ ಅಂದವರು ಕುರ್ಚಿ ಜೋಡಿಸಲು ಬಂದರೆ ಸಾಕು.

ಪುಕ್ಕಟೆ ಪಾಸ್ ಮಾತ್ರ ಯಾರಿಗೂ ಇಲ್ಲ. ಚಿಕ್ಕಪ್ಪನಿಗೂ ಇಲ್ಲ. ಇದರಲ್ಲಿ ನಾನು ಸ್ವಲ್ಪ ಗಟ್ಟಿ.

ಕೇಳುವವರು ಮತ್ತೆ ಬರಬೇಕಾದರೆ ಹಾಡಿನ ಪದ ಕೇಳಿಸಬೇಕು. ನಾವು ಅತಿ ಹೆಚ್ಚು ಶ್ರಮ ಹಾಕುವುದು ಅಲ್ಲೇ. ನಮ್ಮ ಸೌಂಡ್‌ನವರು ಜಾತ್ರೆ, ಮೆರವಣಿಗೆಯಲ್ಲಿ ಪಳಗಿದವರು. ಮಿಕ್ಸರ್ ಆನ್ ಆದ ತಕ್ಷಣ ಅವರ ಕೈ ಎಕೋ ಕಡೆಗೆ ಹೋಗುತ್ತದೆ. "ಎಕೋ ಇಲ್ದಿದ್ರೆ ಸಪ್ಪೆ ಆಗ್ತದೆ ಮೇಡಂ." ಬಯಲಲ್ಲಿ ಅದು ಸರಿ. ಸಣ್ಣ ಹಾಲ್‌ನ ನುಣುಪು ಗೋಡೆ, ಗ್ರಾನೈಟ್ ನೆಲ ತಾವೇ ಬೇಕಾದಷ್ಟು ಮಾರ್ದನಿ ಕೊಡುತ್ತವೆ. ಅದರ ಮೇಲೆ ಇನ್ನೊಂದು ಎಕೋ ಸೇರಿದರೆ ಪದ ಪದಕ್ಕೆ ಅಂಟಿಕೊಂಡು ಏನೂ ತಿಳಿಯುವುದಿಲ್ಲ. ಸಿನಿಮಾ ಹಾಡಾದರೆ ನಡೆಯುತ್ತದೆ, ಪದ ಎಲ್ಲರಿಗೂ ಬಾಯಿಪಾಠ, ಕೇಳಿಸದೇ ಇದ್ದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಹೊಸ ಹಾಡಿಗೆ ಆ ಅನುಕೂಲ ಇಲ್ಲ. ಮೊದಲ ಸಲಕ್ಕೇ ಕಿವಿಗೆ ಮುಟ್ಟಬೇಕು.

ಹಾಗಾಗಿ ಮಧ್ಯಾಹ್ನವೇ ಹೋಗಿ ನೆಲಕ್ಕೆ ಜಮಖಾನೆ ಹಾಸುತ್ತೇವೆ. ಹಿಂದಿನ ಗೋಡೆಗೆ ದಪ್ಪ ಪರದೆ ಕಟ್ಟುತ್ತೇವೆ. ಸ್ಪೀಕರ್ ಎರಡನ್ನೂ ಮೈಕ್‌ಗಿಂತ ಮುಂದೆ, ಜನರ ಕಡೆ ಮುಖ ಮಾಡಿ ನಿಲ್ಲಿಸುತ್ತೇವೆ. ಇಲ್ಲದಿದ್ದರೆ ಸ್ಪೀಕರ್‌ನ ಶಬ್ದ ಮತ್ತೆ ಮೈಕ್‌ಗೇ ಹೋಗಿ ಕೂಯ್ ಅನ್ನಲು ಶುರುವಾಗುತ್ತದೆ. ಆಮೇಲೆ ಒಬ್ಬರು ಹಾಡದೆ ಸುಮ್ನೆ ಸಾಹಿತ್ಯ ಓದುತ್ತಾರೆ, ಇನ್ನೊಬ್ಬರು ಕೊನೆಯ ಸಾಲಿನಲ್ಲಿ ಕೂತು ಕೇಳಿಸಿದ್ದನ್ನು ಕಾಗದದ ಮೇಲೆ ಬರೆಯುತ್ತಾರೆ. ಎರಡನ್ನೂ ಹೋಲಿಸಿ ನೋಡಿದಾಗ ಯಾವ ಅಕ್ಷರ ಕಳೆದುಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಸ, ಶ, ತ, ಪ. ಆಗ ಮಿಕ್ಸರ್‌ನಲ್ಲಿ ಬೇಸ್ ತಗ್ಗಿಸಿ, ಕೀಬೋರ್ಡ್‌ನಲ್ಲಿ ಎಡಗೈ ನುಡಿಸುವ ತಗ್ಗು ಸ್ವರಗಳನ್ನು ಕಡಿಮೆ ಮಾಡಿಸಿ, ಮತ್ತೆ ಓದಿಸುತ್ತೇವೆ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಶಬ್ದವನ್ನು ಇನ್ನೂ ಸ್ವಲ್ಪ ಹೀರಿಕೊಳ್ಳುತ್ತವೆ, ಅದಕ್ಕೂ ಜಾಗ ಬಿಟ್ಟಿರಬೇಕು. ಒಂದು ದಿನ ನಾವು ಏನೂ ಹೇಳುವ ಮೊದಲೇ ಸೌಂಡ್‌ನ ಅಣ್ಣ ತಾವೇ ಎಕೋ ಪೂರ್ತಿ ಇಳಿಸಿ, "ಈ ಹಾಡಲ್ಲಿ ಮಾತು ಚೆನ್ನಾಗಿದೆ, ಕೇಳ್ಲಿ" ಅಂದರು. ನನಗೆ ಅಷ್ಟು ಖುಷಿ ಕೊಟ್ಟ ಮೆಚ್ಚುಗೆ ಇನ್ನೊಂದಿಲ್ಲ.

ಧ್ವನಿವರ್ಧಕದ ಅನುಮತಿ ವಿಷಯ ಚಿಕ್ಕದು. ಲಿಖಿತ ಅರ್ಜಿ ಮುಂಚೆಯೇ ಕೊಡಬೇಕು. ಆಸ್ಪತ್ರೆ, ಶಾಲೆ, ಕಾಲೇಜು, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಿರಬಹುದು. ಆಸ್ಪತ್ರೆ, ಕಾಲೇಜುಗಳೇ ತುಂಬಿದ ನಮ್ಮೂರಲ್ಲಿ ಜಾಗ ನೋಡುವಾಗ ಇದು ತಲೆಯಲ್ಲಿರಲಿ.

ಇನ್ನು ಬೆಂಗಳೂರಿನ ಮಾತು. ಸ್ವತಂತ್ರವಾಗಿ ಹಾಡು ಮಾಡುವುದು ಬೆಂಗಳೂರಿನವರ ಹವ್ಯಾಸ ಅಂತ ತುಂಬಾ ಜನ ತಿಳಿದಿದ್ದಾರೆ. ಬೆಂಗಳೂರಿನಲ್ಲಿ ತಂಡ ಕಟ್ಟಿ ಹಾಡುವ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಅದರಲ್ಲಿ ಜನ ಎದೆಗೆ ಹಚ್ಚಿಕೊಂಡ ಕನ್ನಡ ಹಾಡುಗಳು ಶಿಶುನಾಳ ಶರೀಫರವು. ಹಾವೇರಿ ಕಡೆಯ ಹಳ್ಳಿಯೊಂದರ ತತ್ವಪದ ಅದು, ನಮ್ಮಿಂದ ಎಷ್ಟು ದೂರ? ಹಳ್ಳಿಯ ಕಟ್ಟೆಯಲ್ಲಿ ಹುಟ್ಟಿದ್ದು ದೊಡ್ಡ ನಗರದ ವೇದಿಕೆಗೆ ಹೋಗಿ ಬರಬಹುದಾದರೆ, ದಾವಣಗೆರೆಯ ಹುಡುಗಿಯ ಹಾಡು ಮೊದಲು ದಾವಣಗೆರೆಯಲ್ಲಿ ಕೇಳಿಸುವುದರಲ್ಲಿ ತಪ್ಪೇನು? ಅವಳ ಹಾಡಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ ಬರುತ್ತದೆ. ಅದನ್ನು ವಿವರಿಸದೆ ಅರ್ಥ ಮಾಡಿಕೊಳ್ಳುವವರು ಇಲ್ಲಿದ್ದಾರೆ. ಬೆಂಗಳೂರಿಗೂ ಹೋಗಲಿ, ನಾವೇ ಬಸ್ ಹತ್ತಿಸಿ ಕಳಿಸುತ್ತೇವೆ. ಅಲ್ಲಿಂದಲೂ ಬರುತ್ತಾರೆ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲೇ ನಮ್ಮೂರು, ಬೆಂಗಳೂರಿಂದ ಸುಮಾರು 260 ಕಿಲೋಮೀಟರ್. ಹುಬ್ಬಳ್ಳಿ, ಪುಣೆ ಕಡೆ ಹೊರಟ ತಂಡಕ್ಕೆ ಒಂದು ಸಂಜೆ ಇಳಿದು ಹಾಡಿ, ಬೆಳಗ್ಗೆ ಬೆಣ್ಣೆ ದೋಸೆ ತಿಂದು ಮುಂದೆ ಹೋಗುವುದು ಕಷ್ಟವಲ್ಲ. ಬಂದ ಹೊರಗಿನ ತಂಡದ ಜೊತೆ ಊರಿನವರೊಬ್ಬರು ಮೊದಲ ಅರ್ಧ ಗಂಟೆ ಹಾಡಬೇಕು, ಇದು ನಾವು ಬಿಡದ ಷರತ್ತು.

ಇತ್ತೀಚೆಗೆ ಚಿತ್ರದುರ್ಗದಿಂದಲೂ ಕೆಲವರು ಫೋನ್ ಮಾಡಿದ್ದರು. "ನಮ್ಮಲ್ಲಿ ಮಾಡಿದ್ರೆ ಜನ ಬರ್ತಾರಾ ಅಕ್ಕಾ?" ನಿಮ್ಮ ಜಿಲ್ಲೆಯವರು ಈ ಪ್ರಶ್ನೆ ಕೇಳಬಾರದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನೋಡಿ. ಅದೊಂದು ಹಳ್ಳಿ. ವರ್ಷ ವರ್ಷವೂ ಅಲ್ಲಿ ನಾಟಕೋತ್ಸವ ನಡೆಯುತ್ತದೆ, ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ಸುತ್ತಲಿನ ಊರುಗಳ ಜನ ಬಂದು ಕೂರುತ್ತಾರೆ. ಅಲ್ಲಿನ ಶಿವಸಂಚಾರ ತಂಡ 1997ರಿಂದ ನಾಟಕ ಹೊತ್ತು ಊರೂರು ಸುತ್ತುತ್ತಿದೆ. ಇಂಥ ಹೊತ್ತಿಗೆ ಇಂಥದ್ದು ಇದ್ದೇ ಇರುತ್ತದೆ ಅಂತ ಜನರಿಗೆ ನಂಬಿಕೆ ಬಂದಿದೆ. ಆ ನಂಬಿಕೆ ಪೋಸ್ಟರ್‌ನಿಂದ ಬರುವುದಿಲ್ಲ, ತಪ್ಪದೆ ಮಾಡುವುದರಿಂದ ಬರುತ್ತದೆ.

ಹಾಗಾಗಿ ಅವರಿಗೆ ಹೇಳಿದ್ದು ಇಷ್ಟು. ದೊಡ್ಡ ರಂಗಮಂದಿರ ಬೇಡ, ಐವತ್ತು ಜನ ಕೂತರೆ ತುಂಬಿದ ಹಾಗೆ ಕಾಣುವ ಕೋಣೆ ಹುಡುಕಿ. ತಿಂಗಳ ಎರಡನೇ ಶನಿವಾರ ಅಂದರೆ ಎರಡನೇ ಶನಿವಾರವೇ, ಮಳೆ ಬಂದರೂ, ಹನ್ನೆರಡೇ ಜನ ಬಂದರೂ. ನಿಮ್ಮೂರಿನ ಆರ್ಕೆಸ್ಟ್ರಾದವರನ್ನು ಮೊದಲು ಹೋಗಿ ಕಾಣಿ. ಪೋಸ್ಟರ್‌ನಲ್ಲಿ ಗಾಯಕರ ಹೆಸರಿನಷ್ಟೇ ದೊಡ್ಡದಾಗಿ ನುಡಿಸುವವರ ಹೆಸರೂ ಇರಲಿ. ಅವರ ದುಡ್ಡು ಆ ರಾತ್ರಿಯೇ ಕೈಗೆ ಕೊಡಿ, ನಾಳೆ ಅನ್ನಬೇಡಿ. ಮುಂದಿನ ತಿಂಗಳು ಯಾರು ಹಾಡುತ್ತಾರೆ ಅನ್ನುವುದನ್ನು ಕೊನೆಯ ಹಾಡಿಗೆ ಮುಂಚೆಯೇ ಮೈಕ್‌ನಲ್ಲಿ ಹೇಳಿಬಿಡಿ. ಕೊನೆಯ ಹಾಡು ಮುಗಿದ ಮೇಲೆ ಎಲ್ಲರೂ ಬಸ್‌ಸ್ಟ್ಯಾಂಡ್ ಕಡೆ ಹೊರಟಿರುತ್ತಾರೆ.