ಇದು ಏನ್ ತಿಂತೈತೆ?

ಹೋದ ತಿಂಗಳು ಮಗನ ಮೀನಿಗೆ ಅಂತ ಒಂದು ಸಣ್ಣ ಡಬ್ಬಿ ತಂದೆ. ಮನೆಯ ಗಾಜಿನ ತೊಟ್ಟಿಯಲ್ಲಿ ಒಂದೇ ಒಂದು ಆಸ್ಕರ್ ಮೀನಿದೆ, ಅಂಗೈ ಅಗಲದ್ದು. ಮಾಮೂಲಿ ಗುಳಿಗೆ ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗಿಯಲು ಶುರು ಮಾಡಿತ್ತು. "ಇದು ಹಾಕಿ ಅಕ್ಕ, ಕ್ರಿಲ್ಲು. ಬಣ್ಣಾನೂ ಚೆನ್ನಾಗಿ ಬರುತ್ತೆ" ಅಂದ ಅಂಗಡಿ ಹುಡುಗ. ನಾನು ಲೆಕ್ಕ ಬರೆಯುವ ಕೆಲಸದವಳು. ಚಿಕ್ಕಬಳ್ಳಾಪುರಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಗ್ರಾಂ ಲೆಕ್ಕ ಹಾಕಿ ನೋಡಿದೆ. ಗೋಡಂಬಿಗಿಂತ ದುಬಾರಿ ಬಿತ್ತು.

ಆ ಭಾನುವಾರ ಊರಿಗೆ ಹೋದಾಗ ಡಬ್ಬಿ ಬ್ಯಾಗಿನಲ್ಲೇ ಉಳಿದಿತ್ತು. ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮಗ ಡಬ್ಬಿ ತೆಗೆದು ತಾತನಿಗೆ ತೋರಿಸಿದ. ಅಪ್ಪ ನಾಲ್ಕು ಕ್ರಿಲ್ ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿದರು. "ಸಂತೇಲಿ ಮಾರ್ತಾರಲ್ಲ, ಒಣ ಸೀಗಡಿ, ಅದಲ್ವೇನಮ್ಮಾ?" ಅಮ್ಮ ಮೂಸಿ ನೋಡಿ, ಬದನೆಕಾಯಿ ಜೊತೆ ಹಾಕಬಹುದು ಅಂದರು. ಸೀಗಡಿ ಅಲ್ಲ, ಅದರ ದೂರದ ನೆಂಟ, ಅಂಟಾರ್ಕ್ಟಿಕಾ ಸಮುದ್ರದ್ದು ಅಂತ ಡಬ್ಬಿ ಮೇಲಿದ್ದದ್ದನ್ನು ಓದಿ ಹೇಳಿದೆ. ಅಂಟಾರ್ಕ್ಟಿಕಾ ಎಲ್ಲಿದೆ ಅಂತ ಅಪ್ಪ ಕೇಳಲಿಲ್ಲ.

"ಇದು ಏನ್ ತಿಂತೈತೆ?" ಅಂದರು.

ರೇಷ್ಮೆ ಹುಳ ಮೇಯಿಸುವವರ ಮೊದಲ ಪ್ರಶ್ನೆ ಯಾವಾಗಲೂ ಇದೇ. ಅಪ್ಪ ನಲವತ್ತು ವರ್ಷದಿಂದ ಹುಳದ ಮನೆಯಲ್ಲಿದ್ದಾರೆ. ನೂರು ಮೊಟ್ಟೆ ತರೋಣವೋ ನೂರೈವತ್ತು ತರೋಣವೋ (ನಮ್ಮಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ) ಅನ್ನುವುದನ್ನು ತೋಟದ ಹಿಪ್ಪುನೇರಳೆ ಸೊಪ್ಪು ನೋಡಿಯೇ ತೀರ್ಮಾನಿಸುತ್ತಾರೆ. ತಿನ್ನೋದು ಏನು, ಎಷ್ಟು, ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲದೆ ಒಂದು ಜೀವದ ಬಗ್ಗೆ ಬೇರೆ ಮಾತೇ ಇಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಅಪ್ಪ ಕ್ರಿಲ್ಲುಗಳನ್ನು ಮತ್ತೆ ಡಬ್ಬಿಗೆ ಸುರಿದು, ಕೈ ಒರೆಸಿಕೊಂಡು, ಸೊಪ್ಪು ಹಾಕಲು ಎದ್ದು ಹೋದರು.

ಅವತ್ತಿನಿಂದ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಇದನ್ನೇ ಓದುತ್ತಿದ್ದೇನೆ. ಓದಿದ್ದನ್ನು ಫೋನಿನಲ್ಲಿ ಅಪ್ಪನಿಗೆ ಒಪ್ಪಿಸುವುದು. ಅವರು ಇನ್ನೊಂದು ಪ್ರಶ್ನೆ ಹಾಕುವುದು.

ಕ್ರಿಲ್ ಜಾತಿಗಳು ಎಂಬತ್ತಕ್ಕೂ ಜಾಸ್ತಿ ಇವೆ. ನಮ್ಮ ಡಬ್ಬಿಯದು ದೊಡ್ಡ ಜಾತಿ. ಬೆಳೆದರೆ ಆರು ಸೆಂಟಿಮೀಟರ್, ತೂಕ ಹೆಚ್ಚೆಂದರೆ ಎರಡು ಗ್ರಾಂ. ಮುಖ್ಯ ಊಟ ಡಯಾಟಮ್ ಅನ್ನುವ ಪಾಚಿ. ಒಂದೇ ಕಣದ ಜೀವ, ಬರಿಗಣ್ಣಿಗೆ ಕಾಣುವುದಿಲ್ಲ. ಮೈಗೆ ಗಾಜಿನಂಥ ಚಿಪ್ಪು ಕಟ್ಟಿಕೊಂಡಿರುತ್ತದೆ. ಇಷ್ಟು ಸಣ್ಣದನ್ನು ಸಮುದ್ರದಿಂದ ಹೆಕ್ಕುವುದು ಹೇಗೆ? ಕ್ರಿಲ್ ಎದೆಯ ಮುಂದೆ ಆರು ಜೊತೆ ಕಾಲುಗಳಿವೆ. ಕಾಲಿನ ಉದ್ದಕ್ಕೂ ಕೂದಲು, ಆ ಕೂದಲಿಗೂ ಕೂದಲು. ಎಲ್ಲ ಸೇರಿದರೆ ಒಂದು ಬುಟ್ಟಿ. ಬುಟ್ಟಿ ಬಿಚ್ಚಿದರೆ ನೀರು ಒಳಗೆ ನುಗ್ಗುತ್ತದೆ. ಮುಚ್ಚಿ ಹಿಂಡಿದರೆ ನೀರು ಸಂದಿಯಿಂದ ಹೊರಗೆ, ಪಾಚಿ ಒಳಗೆ. ಅಮ್ಮನಿಗೆ ಹೇಳಿದಾಗ "ಬಟ್ಟೇಲಿ ರಾಗಿ ಹಾಲು ಹಿಂಡಿದ ಹಂಗೆ" ಅಂದರು. ಒಂದೇ ವ್ಯತ್ಯಾಸ, ಕ್ರಿಲ್‌ಗೆ ಬೇಕಾಗಿರುವುದು ಬಟ್ಟೆಯಲ್ಲಿ ಉಳಿಯುವ ಗಸಿ. ಹೊಟ್ಟೆ ತುಂಬಿದ ಕ್ರಿಲ್‌ನ ಮೈ ಗಾಜಿನ ಹಾಗಿರುವುದರಿಂದ ಒಳಗಿನ ಹಸಿರು ಹೊರಗೇ ಕಾಣುತ್ತದಂತೆ. ಐದನೇ ಹಂತದ ರೇಷ್ಮೆ ಹುಳವನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ರೇಷ್ಮೆ ಹುಳದ ಹಾಗೆ ಒಂದೇ ಸೊಪ್ಪಿಗೆ ಹಟ ಹಿಡಿಯುವ ಜೀವ ಅಲ್ಲ ಇದು. ಪಾಚಿ ಕಡಿಮೆಯಾದರೆ ಕೋಪೆಪಾಡ್ ಅನ್ನುವ ಸಣ್ಣ ಪ್ರಾಣಿಗಳನ್ನು ಹಿಡಿಯುತ್ತದೆ. ತೀರಾ ಇಕ್ಕಟ್ಟಾದರೆ ತನ್ನವರನ್ನೇ ತಿನ್ನುವುದೂ ಉಂಟು. ಸಮುದ್ರ ಹೆಪ್ಪುಗಟ್ಟಿದಾಗ ಆ ಮಂಜಿನ ತಳದಲ್ಲೂ ಪಾಚಿ ಬೆಳೆಯುತ್ತದೆ. ಕ್ರಿಲ್ ತಲೆಕೆಳಗಾಗಿ ಮಂಜಿನ ತಳಕ್ಕೆ ಅಂಟಿಕೊಂಡ ಹಾಗೆ ಈಜುತ್ತಾ ಕಾಲಿನ ತುದಿಯಿಂದ ಅದನ್ನು ಕೆರೆದು ಬುಟ್ಟಿಗೆ ಹಾಕಿಕೊಳ್ಳುತ್ತದೆ. ಮರಿಗಳು ಮೊದಲ ಚಳಿಗಾಲ ದಾಟಬೇಕಾದರೆ ಈ ಮಂಜಿನ ಪಾಚಿಯೇ ದೊಡ್ಡ ಆಸರೆ. ಬಿಸಿ ಏರಿ ಮಂಜು ಕಡಿಮೆಯಾದರೆ ಮೊದಲು ಹಸಿಯುವುದು ಮರಿಗಳು.

ಇದನ್ನೆಲ್ಲ ಹೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸೊಪ್ಪು ಪೂರಾ ಇಲ್ದೇ ಇದ್ರೆ ಏನ್ ಮಾಡ್ತೈತೆ?"

ಈ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನು ಪಿಯುಸಿ ಓದುವಾಗ ಒಂದು ಬೇಸಿಗೆ ಬೋರ್‌ವೆಲ್ ಬತ್ತಿತು. ಹುಳ ಮೂರನೇ ಜ್ವರದಿಂದ ಎದ್ದಿದ್ದವು. ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅಂತಾರೆ. ಹುಳ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಕೂರುತ್ತವೆ. ಒಂದು ದಿನ ಬಿಟ್ಟು ಹಳೆ ಚರ್ಮ ಕಳಚಿ, ಇನ್ನೂ ಜಾಸ್ತಿ ಹಸಿದು ಏಳುತ್ತವೆ. ಮೊಟ್ಟೆಯಿಂದ ಬಂದ ಹುಳ ಗೂಡು ಕಟ್ಟುವ ಹೊತ್ತಿಗೆ ತೂಕದಲ್ಲಿ ಹತ್ತು ಸಾವಿರ ಪಟ್ಟು ಆಗಿರುತ್ತದೆ, ಅದೂ ಇಪ್ಪತ್ತೈದು ದಿನದ ಆಸುಪಾಸಿನಲ್ಲಿ. ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗ ನಾಲ್ಕನೇ ಜ್ವರ ಕಳೆದ ಮೇಲಿನದ್ದು. ಅಂಥ ಹೊತ್ತಿಗೆ ಸೊಪ್ಪು ಇರುವುದಿಲ್ಲ ಅಂತ ಗೊತ್ತಾದಾಗ ಏನು ಮಾಡುವುದು? ಅಪ್ಪ ಪಕ್ಕದೂರಿನಲ್ಲಿ ಸಾಲಕ್ಕೆ ಸೊಪ್ಪು ಕೇಳಿದರು, ಸಿಗಲಿಲ್ಲ. ಒಂದು ಬೆಳಗ್ಗೆ ತಟ್ಟೆಗಳನ್ನು ತಿಪ್ಪೆಗೆ ಸುರಿದರು. ಕಾಗೆ ಬಂದವು. ಆ ದಿನ ಯಾರೂ ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ.

ಕ್ರಿಲ್ ಏನು ಮಾಡುತ್ತದೆ ಅಂತ ಓದಿದಾಗ ಮೊದಲು ನಂಬಲಿಲ್ಲ. ಅದೂ ಪೊರೆ ಬಿಡುವ ಜೀವವೇ, ಬದುಕಿರುವಷ್ಟು ಕಾಲವೂ ಬಿಡುತ್ತದೆ. ಹೊಟ್ಟೆಗೆ ಇದ್ದಾಗ ಪ್ರತಿ ಪೊರೆಗೂ ದೊಡ್ಡದಾಗುತ್ತದೆ. ಹೊಟ್ಟೆಗೆ ಇಲ್ಲದಾಗ ಪ್ರತಿ ಪೊರೆಗೂ ಚಿಕ್ಕದಾಗುತ್ತದೆ. ಸಣಕಲಾಗುವುದು ಅಲ್ಲ ಮತ್ತೆ, ಉದ್ದದಲ್ಲೇ ಗಿಡ್ಡ ಆಗುತ್ತದೆ. 1982ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೊಟ್ಟಿಯಲ್ಲಿಟ್ಟು ಏನೂ ಹಾಕದೆ ಬಿಟ್ಟ ಕ್ರಿಲ್‌ಗಳು 200 ದಿನ ದಾಟಿದರೂ ಬದುಕಿದ್ದವು. ಮೈ ಕುಗ್ಗಿದಷ್ಟು ಕಣ್ಣು ಕುಗ್ಗುವುದಿಲ್ಲವಂತೆ. ಹಾಗಾಗಿ ಚಿಕ್ಕ ಮೈಯಲ್ಲಿ ದೊಡ್ಡ ಕಣ್ಣಿದ್ದರೆ, ಅದು ಮರಿಯಲ್ಲ, ಬರ ಕಂಡ ಮುದುಕ. ಈ ಒಂದು ವಿಷಯ ಹೇಳುವುದಕ್ಕೆ ಫೋನ್ ಸಾಲದು ಅನ್ನಿಸಿ ಬಸ್ಸು ಹತ್ತಿ ಊರಿಗೇ ಹೋದೆ.

ಅಪ್ಪ ಕೊಂಬೆ ಹರಡುತ್ತಿದ್ದರು. ಕೇಳಿಸಿಕೊಂಡು, "ಗಿಡ್ಡ ಆಗೋದು ನಮ್ಮ ಹುಳಕ್ಕೂ ಬಂದಿದ್ರೆ ಆಗ್ತಿತ್ತು ನೋಡು" ಅಂದರು. ಅಷ್ಟೇ.

ಇನ್ನು ಅದನ್ನು ತಿನ್ನುವವರ ಪಟ್ಟಿ. ಇಲ್ಲಿ ಮಗನಿಗೆ ಆಸಕ್ತಿ ಜಾಸ್ತಿ, ಏಕೆಂದರೆ ತಿಮಿಂಗಿಲ ಬರುತ್ತದೆ. ಭೂಮಿಯ ಅತಿ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲ ಬದುಕುವುದೇ ಈ ಎರಡು ಗ್ರಾಮಿನ ಜೀವದ ಮೇಲೆ. ದಿನಕ್ಕೆ ನಾಲ್ಕು ಟನ್ ತಿನ್ನುತ್ತದೆ ಅಂತ ಹಳೆ ಲೆಕ್ಕ. 2021ರಲ್ಲಿ ತಿಮಿಂಗಿಲಗಳ ಮೈಗೇ ಯಂತ್ರ ಅಂಟಿಸಿ ಅಳೆದು ನೋಡಿದವರು, ದೊಡ್ಡ ತಿಮಿಂಗಿಲಗಳು ಅಂದುಕೊಂಡಿದ್ದಕ್ಕಿಂತ ಸುಮಾರು ಮೂರು ಪಟ್ಟು ತಿನ್ನುತ್ತವೆ ಅಂದರು. ಅಡೆಲಿ ಪೆಂಗ್ವಿನ್ ತಿನ್ನುತ್ತದೆ, ಅದಕ್ಕೇ ಅವುಗಳ ಹಿಕ್ಕೆ ನಸುಗೆಂಪು. ಏಡಿಭಕ್ಷಕ ಅಂತ ಹೆಸರಿರುವ ಒಂದು ಸೀಲ್ ಇದೆ. ಅದು ಏಡಿ ತಿನ್ನುವುದೇ ಇಲ್ಲ ಅನ್ನಬಹುದು, ಊಟವೆಲ್ಲ ಕ್ರಿಲ್. ಹೆಸರಿಟ್ಟವರು ಹಲ್ಲು ನೋಡಿರಲಿಲ್ಲವೇನೋ. ಒಂದೊಂದು ಹಲ್ಲೂ ಕವಲೊಡೆದು, ಮೇಲಿನದೂ ಕೆಳಗಿನದೂ ಸೇರಿದರೆ ಜರಡಿ. ಮೀನು, ಸ್ಕ್ವಿಡ್, ಆಲ್ಬಟ್ರಾಸ್ ಹಕ್ಕಿ ಎಲ್ಲವೂ ಪಂಕ್ತಿಯಲ್ಲಿವೆ. ಇಷ್ಟು ಬಾಯಿಗೆ ಸಾಲುವಷ್ಟು ಇದೆಯಾ ಅಂದರೆ, ಅಂಟಾರ್ಕ್ಟಿಕಾ ಕ್ರಿಲ್ ಒಂದು ಜಾತಿಯ ಒಟ್ಟು ತೂಕವೇ ಸುಮಾರು 38 ಕೋಟಿ ಟನ್ ಅಂತ ಒಂದು ಅಂದಾಜು. ಭೂಮಿ ಮೇಲಿನ ಜನರನ್ನೆಲ್ಲ ತಕ್ಕಡಿಗೆ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ತೂಗುತ್ತೇವೆ. ಪಾಚಿಗೂ ತಿಮಿಂಗಿಲಕ್ಕೂ ನಡುವೆ ಒಂದೇ ಮೆಟ್ಟಿಲು. ಆ ಮೆಟ್ಟಿಲು ಕ್ರಿಲ್.

ಹಾಗಾದರೆ ತಿನ್ನುವವರು ಹೋದರೆ ಕ್ರಿಲ್ ಜಾಸ್ತಿ ಆಗಬೇಕು ಅಲ್ವಾ? ಲೆಕ್ಕದವಳಾದ ನಾನೂ ಹಾಗೇ ಅಂದುಕೊಂಡೆ. ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣಾರ್ಧದ ಸಮುದ್ರಗಳಲ್ಲಿ ಸುಮಾರು 20 ಲಕ್ಷ ತಿಮಿಂಗಿಲಗಳನ್ನು ಕೊಂದರು. ಎಣ್ಣೆಗೆ, ಮಾಂಸಕ್ಕೆ. ಅಂಟಾರ್ಕ್ಟಿಕಾದ ನೀಲಿ ತಿಮಿಂಗಿಲಗಳಲ್ಲಿ ನೂರಕ್ಕೆ ಒಂದೂ ಉಳಿಯಲಿಲ್ಲ. ಅವು ತಿನ್ನಬೇಕಾಗಿದ್ದ ಕ್ರಿಲ್ ಎಲ್ಲ ಉಳಿದು ಸಮುದ್ರ ತುಂಬಿ ತುಳುಕಬೇಕಿತ್ತು. ತುಳುಕಲಿಲ್ಲ. ಬಹುಕಾಲ ಇದು ಒಗಟಾಗಿತ್ತು.

ಇದನ್ನು ಅಪ್ಪನ ಮುಂದೆ ಇಟ್ಟೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ತಿನ್ನೋದು ಹೇಳ್ದೆ. ಹಿಕ್ಕೆ ಎಲ್ಲಿಗೆ ಹೋಗ್ತಿತ್ತು, ಅದ್ ಹೇಳು."

ನಮ್ಮ ಮನೆಯಲ್ಲಿ ಹುಳದ ಹಿಕ್ಕೆ ಮತ್ತು ತಿಂದು ಉಳಿದ ಕಡ್ಡಿ ಗುಂಡಿಗೆ ಹೋಗುತ್ತದೆ, ಗೊಬ್ಬರವಾಗಿ ತೋಟಕ್ಕೆ ಬರುತ್ತದೆ, ಸೊಪ್ಪಾಗಿ ಮತ್ತೆ ಹುಳಕ್ಕೆ. ಸಮುದ್ರದಲ್ಲೂ ಹೀಗೇ ಅಂತ ವಾದಿಸುವ ವಿಜ್ಞಾನಿಗಳಿದ್ದಾರೆ. ದಕ್ಷಿಣ ಸಮುದ್ರದ ನೀರಿನಲ್ಲಿ ಸಾರಜನಕ, ರಂಜಕ ಬೇಕಾದಷ್ಟಿದೆ. ಕೊರತೆ ಕಬ್ಬಿಣದ್ದು. ಕ್ರಿಲ್ ಮೈಯಲ್ಲಿ ಕಬ್ಬಿಣ ಇರುತ್ತದೆ. ತಿಮಿಂಗಿಲ ಆಳಕ್ಕೆ ಹೋಗಿ ಕ್ರಿಲ್ ತಿಂದು, ಮೇಲೆ ಬಂದು, ಬಿಸಿಲು ಬೀಳುವ ನೀರಿನಲ್ಲಿ ಹಿಕ್ಕೆ ಹಾಕುತ್ತದೆ. ಆ ಕಬ್ಬಿಣ ಪಾಚಿಗೆ. ಪಾಚಿ ಮತ್ತೆ ಕ್ರಿಲ್‌ಗೆ. ತಿಮಿಂಗಿಲ ಹೋದಾಗ ತಿನ್ನುವ ಬಾಯಿಯ ಜೊತೆ ಗೊಬ್ಬರದ ಗುಂಡಿಯೂ ಹೋಯಿತು. ಸೊಪ್ಪು ಹಳದಿ ತಿರುಗಿದಾಗ ಕಬ್ಬಿಣ, ಸತು ಇರುವ ಔಷಧಿ ಹೊಡೆಯುವ ಅಪ್ಪನಿಗೆ ಇದರಲ್ಲಿ ಒಗಟೇ ಕಾಣಲಿಲ್ಲ.

ಹಾಗಾದರೆ ಕಬ್ಬಿಣ ನಾವೇ ಸುರಿದರೆ? ಅದನ್ನೂ ಮಾಡಿ ನೋಡಿದ್ದಾರೆ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರೂ ಜರ್ಮನಿಯವರೂ ಸೇರಿ ಪೋಲಾರ್‌ಸ್ಟರ್ನ್ ಅನ್ನುವ ಹಡಗಿನಲ್ಲಿ ಹೋಗಿ, ದಕ್ಷಿಣ ಅಟ್ಲಾಂಟಿಕ್‌ನ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಹಾಕಿದರು. ಹೆಸರು ಲೋಹಾಫೆಕ್ಸ್. ಹಿಂದಿಯವರಿಗೆ ಲೋಹಾ ಅಂದರೆ ಕಬ್ಬಿಣ, ನಮಗೆ ಎಲ್ಲ ಲೋಹವೂ ಲೋಹವೇ. ಪಾಚಿ ಬೆಳೆಯಿತು. ಆದರೆ ಆ ನೀರಿನಲ್ಲಿ ಚಿಪ್ಪು ಕಟ್ಟಲು ಬೇಕಾದ ಸಿಲಿಕಾ ಕಡಿಮೆ ಇತ್ತು, ಡಯಾಟಮ್ ಬರಲಿಲ್ಲ. ಬಂದ ಬೇರೆ ಪಾಚಿಯನ್ನು ಕೋಪೆಪಾಡ್‌ಗಳು ಮೇಯ್ದವು. ಗಾಳಿಯ ಇಂಗಾಲವನ್ನು ಪಾಚಿ ಹೀರಿ ತಳಕ್ಕೆ ಒಯ್ಯಬಹುದು ಅನ್ನುವ ಲೆಕ್ಕವೂ ಇತ್ತು. ತಳಕ್ಕೆ ಇಳಿದದ್ದು ತೀರಾ ಕಡಿಮೆ. "ಒಂದೇ ಗೊಬ್ಬರ ಹಾಕಿದ್ರೆ ಹಂಗೇ" ಅಂದರು ಅಪ್ಪ.

ನನ್ನ ಡಬ್ಬಿಗೆ ಬರುತ್ತೇನೆ. ಹಿಡಿದ ಕ್ರಿಲ್ ಬಹುಪಾಲು ಮೀನು ಸಾಕಣೆಯ ಆಹಾರಕ್ಕೆ ಮತ್ತು ಎಣ್ಣೆ ಮಾತ್ರೆಗೆ ಹೋಗುತ್ತದೆ. ದಕ್ಷಿಣ ಅಟ್ಲಾಂಟಿಕ್ ಕಡೆ ವರ್ಷಕ್ಕೆ 6,20,000 ಟನ್ ಮುಟ್ಟಿದರೆ ನಿಲ್ಲಿಸಬೇಕು ಅಂತ ಒಪ್ಪಂದ ಇದೆ. ಒಪ್ಪಂದದ ಆಯೋಗದಲ್ಲಿ ಭಾರತವೂ ಸದಸ್ಯ. 2025ರಲ್ಲಿ ಮೊದಲ ಸಲ ಆ ಗಡಿ ಮುಟ್ಟಿ, ವರ್ಷ ಮುಗಿಯುವ ಮೊದಲೇ ಬಲೆ ಎತ್ತಬೇಕಾಯಿತು. 38 ಕೋಟಿಯಲ್ಲಿ ಆರು ಲಕ್ಷ ಯಾವ ಲೆಕ್ಕ ಅಂತ ಕೇಳಬಹುದು. ಆದರೆ ಹಡಗುಗಳು ಇಡೀ ಸಮುದ್ರ ಸುತ್ತುವುದಿಲ್ಲ. ಪೆಂಗ್ವಿನ್, ತಿಮಿಂಗಿಲ ಎಲ್ಲಿ ಮೇಯುತ್ತವೋ ಅಲ್ಲೇ ಕ್ರಿಲ್ ದಟ್ಟ, ಅಲ್ಲೇ ಬಲೆಯೂ. ತಾಲ್ಲೂಕಿನಲ್ಲಿ ಎಷ್ಟು ಸೊಪ್ಪಿದೆ ಅನ್ನುವುದು ನನ್ನ ತೋಟ ಬರಿದಾದಾಗ ನನಗೆ ಯಾಕೆ?

ಶಿಡ್ಲಘಟ್ಟದಲ್ಲಿ ನನ್ನ ಚಿಕ್ಕಪ್ಪನ ಮಗ ನೂಲು ಬಿಚ್ಚುವ ಘಟಕ ನಡೆಸುತ್ತಾನೆ. ನೂಲು ತೆಗೆದ ಮೇಲೆ ಉಳಿಯುವ ಹುಳವನ್ನು ಒಣಗಿಸಿ ಮೂಟೆ ಕಟ್ಟಿ ಕೋಳಿ, ಮೀನಿನ ಆಹಾರಕ್ಕೆ ಮಾರುತ್ತಾರೆ. ಆ ವಾಸನೆ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಒಂದು ಹಿಡಿ ಕೇಳಿ ತಂದೆ. ಆಸ್ಕರ್ ಮುಂದೆ ಹುಳದ ಚೂರು ಹಾಕಿದೆ. ಸುತ್ತು ಹಾಕಿ ನೋಡಿ, ನುಂಗಿತು. ಉಗಿಯಲಿಲ್ಲ. ಮಾರನೇ ದಿನ ಮಗ ಖುಷಿಯಲ್ಲಿ ಜಾಸ್ತಿ ಹಾಕಿ ನೀರೆಲ್ಲ ಎಣ್ಣೆ ಎಣ್ಣೆಯಾಗಿ, ರಾತ್ರಿ ಹತ್ತು ಗಂಟೆಗೆ ತೊಟ್ಟಿ ತೊಳೆದೆ. ಬಣ್ಣ ಬರುತ್ತೋ ಇಲ್ಲವೋ ನೋಡಬೇಕು.

ಮೊನ್ನೆ ಅಪ್ಪನ ಹುಳ ಹಣ್ಣಾದವು, ಅಂದರೆ ಗೂಡು ಕಟ್ಟಲು ತಯಾರಾದವು. ಅವನ್ನು ಚಂದ್ರಿಕೆಗೆ, ಗೂಡು ಕಟ್ಟಿಸುವ ತಟ್ಟೆಗೆ, ಹಾಕಿದರು. ರಾತ್ರಿ ಫೋನ್ ಮಾಡಿದಾಗ ದನಿಯಲ್ಲಿ ಆಯಾಸ ಇತ್ತು. ಆದರೂ ಕೇಳಿದರು, "ಆ ನಿನ್ನ ಸಮುದ್ರದ ಹುಳ, ಅದು ಹಣ್ಣಾಗೋದು ಎಷ್ಟ್ ದಿನಕ್ಕೆ?"

ಅದು ಹಣ್ಣಾಗುವುದಿಲ್ಲ ಅಪ್ಪ, ಗೂಡು ಕಟ್ಟುವುದಿಲ್ಲ, ಐದಾರು ವರ್ಷ ತಿಂದುಕೊಂಡು ಪೊರೆ ಬಿಟ್ಟುಕೊಂಡೇ ಇರುತ್ತದೆ ಅಂದೆ.

"ಆರು ವರ್ಷ ಸೊಪ್ಪು ಹಾಕ್ಬೇಕಾ?" ಅಂದರು. "ಬ್ಯಾಡ ತಾಯಿ. ತಿಮಿಂಗಿಲದವರೇ ಮೇಯಿಸ್ಕೊಳ್ಲಿ."