ಲೆಕ್ಕದ ಪುಸ್ತಕ ಯಾರ ಕೈಲಿ?

ಶಿರಸಿ ಹತ್ತಿರದ ನಮ್ಮೂರಲ್ಲಿ ಪುಷ್ಯದ ರಾತ್ರಿ ಅಂದ್ರೆ ಅಡಿಕೆ ಸುಲಿಯುವ ರಾತ್ರಿ. ಎಂ.ಎ. ಓದುವಾಗ ರಜೆಗೆ ಬಂದಿದ್ದೆ. ಅಜ್ಜನ ಪಕ್ಕ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದೆ. ಅಜ್ಜ ಹರೆಯದಲ್ಲಿ ಯಕ್ಷಗಾನ ಮೇಳದಲ್ಲಿ ಮದ್ದಲೆ ಬಾರಿಸಿದವರು. ಕಣ್ಣು ಮಂಜಾಗಿತ್ತು, ಕೈ ಮಾತ್ರ ಲಯ ಬಿಟ್ಟಿರಲಿಲ್ಲ. "ನೀ ಓದೋ ಇಂಗ್ಲಿಷ್ ಆಟದ ಒಂದು ಪ್ರಸಂಗ ಹೇಳೇ ಕೂಸೇ" ಅಂದರು.

'ಎವ್ರಿಮ್ಯಾನ್' ಹೇಳಿದೆ. 15ನೇ ಶತಮಾನದ ಕೊನೆಯ ನಾಟಕ. ಬರೆದವರ ಹೆಸರು ಉಳಿದಿಲ್ಲ. ದೇವರು ಕಳಿಸಿದ ದೂತನಾಗಿ ಸಾವು ಎವ್ರಿಮ್ಯಾನ್ ಅನ್ನುವ ಒಬ್ಬ ಮನುಷ್ಯನ ಎದುರು ಬಂದು ನಿಲ್ಲುತ್ತದೆ. ಹೊರಡು, ಲೆಕ್ಕದ ಪುಸ್ತಕ ಜೊತೆಗೆ ತಗೋ ಅನ್ನುತ್ತದೆ. ಅವನು ಸಾವಿರ ಪೌಂಡ್ ಕೊಡಲು ನೋಡುತ್ತಾನೆ, ನಡೆಯುವುದಿಲ್ಲ. ಹನ್ನೆರಡು ವರ್ಷ ಕೇಳುತ್ತಾನೆ, ಅದೂ ಇಲ್ಲ.

ಅಜ್ಜ ತಲೆ ಎತ್ತಿದರು. "ಲೆಕ್ಕ ಅವನೇ ಬರೆದು ತರಬೇಕಾ? ನಮ್ಮಲ್ಲಿ ಚಿತ್ರಗುಪ್ತ ಬರೀತಾನಲ್ಲೇ."

ಕ್ಲಾಸಿನಲ್ಲಿ ಆ ನಾಟಕವನ್ನು ವಾರಗಟ್ಟಲೆ ಓದಿದ್ದೆವು. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೌದಲ್ವಾ? ನಮ್ಮಲ್ಲಿ ಹಣೆಬರಹ ಬರೆಯುವವನು ಬ್ರಹ್ಮ, ಪಾಪಪುಣ್ಯ ಬರೆದಿಡುವವನು ಚಿತ್ರಗುಪ್ತ. ಮನುಷ್ಯನ ಕೈಗೆ ಲೇಖನಿ ಸಿಗುವುದೇ ಇಲ್ಲ. ಎವ್ರಿಮ್ಯಾನ್ ಆ ಪುಸ್ತಕವನ್ನು ತಾನೇ ಹೊತ್ತು ನಡೆಯಬೇಕು. ತೆರೆದು ನೋಡಿದರೆ ಒಂದು ಅಕ್ಷರವೂ ಕಾಣುವುದಿಲ್ಲ, ಪುಟದ ತುಂಬ ಅಷ್ಟು ಕಲೆ.

ಜೊತೆಗೆ ಬಾ ಅಂದರೆ ಗೆಳೆಯ ಕೈಬಿಡುತ್ತಾನೆ. ನೆಂಟರಲ್ಲಿ ಒಬ್ಬ ಕಾಲ್ಬೆರಳು ಸೆಳೆತ ಅನ್ನುತ್ತಾನೆ. ಆಸ್ತಿ ಮುಖಕ್ಕೇ ನಗುತ್ತದೆ. ಸತ್ಕರ್ಮ ಅನ್ನುವವಳು ಬರಲು ತಯಾರು, ಆದರೆ ಅವನ ಪಾಪದ ಭಾರಕ್ಕೆ ನೆಲದಲ್ಲಿ ಬಿದ್ದುಕೊಂಡಿದ್ದಾಳೆ, ಏಳಲಾಗದು. ಇಲ್ಲಿಗೆ ಬರುವಾಗ ಅಜ್ಜನ ಕೈ ನಿಂತಿತ್ತು. "ಎದ್ದಳಾ?" ಎದ್ದಳು ಅಜ್ಜ, ಅವನು ಪಶ್ಚಾತ್ತಾಪ ಪಟ್ಟ ಮೇಲೆ. ಸಮಾಧಿಯ ಗುಂಡಿಯೊಳಗೂ ಜೊತೆಗೆ ಇಳಿದಳು. ಚೆಲುವು, ಬಲ, ಬುದ್ಧಿ ಎಲ್ಲ ಗುಂಡಿಯ ಅಂಚಿನಿಂದಲೇ ವಾಪಸ್.

ಮರುದಿನ ರಾತ್ರಿ ಇಂಗ್ಲಿಷ್ ನಾಟಕಕಾರ ಮಾರ್ಲೋವಿನ 'ಡಾಕ್ಟರ್ ಫಾಸ್ಟಸ್'. ಎವ್ರಿಮ್ಯಾನ್‌ಗಿಂತ ಸುಮಾರು ನೂರು ವರ್ಷ ಆಮೇಲಿನದು. ಮಾರ್ಲೋ 1593ರಲ್ಲಿ, 29ನೇ ವಯಸ್ಸಿಗೇ ತೀರಿಕೊಂಡ. ನಾಟಕ ಅಚ್ಚಾದದ್ದು 1604ರಲ್ಲಿ. ನನಗೆ ಈ ನಾಟಕದ ಮೇಲೆ ಜಾಸ್ತಿ ಪ್ರೀತಿ, ಜಾಸ್ತಿ ಭಯ ಕೂಡ. ಇಲ್ಲಿ ಸಾವಿನ ತಾರೀಕನ್ನು ಬರೆದುಕೊಡುವವನು ಸಾಯುವವನೇ. 24 ವರ್ಷದ ಸುಖಕ್ಕೆ ಫಾಸ್ಟಸ್ ಸೈತಾನನಿಗೆ ಆತ್ಮ ಮಾರಿ, ತನ್ನ ರಕ್ತದಲ್ಲೇ ಪತ್ರ ಬರೆಯುತ್ತಾನೆ. ನಡುವೆ ರಕ್ತ ಹೆಪ್ಪುಗಟ್ಟುತ್ತದೆ. ಸೈತಾನನ ದೂತ ಮೆಫಿಸ್ಟಾಫಿಲಿಸ್ ಕೆಂಡ ತಂದು ಕರಗಿಸುತ್ತಾನೆ. ಬರೆದು ಮುಗಿಸಿದರೆ ತೋಳಿನ ಮೇಲೆ ಅಕ್ಷರ ಮೂಡುತ್ತದೆ: 'ಮನುಷ್ಯನೇ, ಓಡು.'

"ಹಣೆ ಮೇಲಲ್ಲ, ತೋಳಿನ ಮೇಲೆ" ಅಂದರು ಅಜ್ಜ. "ಹಣೆಯದ್ದು ನಮಗೆ ಕಾಣೋದಿಲ್ಲ. ಇವನಿಗೆ ಕಂಡಿತಲ್ಲೇ, ಆದ್ರೂ ಓಡಲಿಲ್ಲವಾ?"

ಓಡಲಿಲ್ಲ. ನಾನು ಕರ್ಣನ ಮಾತು ತೆಗೆದೆ. ಕೃಷ್ಣ ಹುಟ್ಟಿನ ಗುಟ್ಟು ಹೇಳಿ ಕರೆದರೂ ಕರ್ಣ ಹೋಗಲಿಲ್ಲ, ಫಾಸ್ಟಸ್ ಹಾಗೇ ಅಲ್ವಾ ಅಂದೆ. ಅಜ್ಜ ಒಪ್ಪಲಿಲ್ಲ. ಕರ್ಣ ನಿಂತದ್ದು ಉಂಡ ಅನ್ನದ ಋಣಕ್ಕೆ, ಇವನು ಯಾರ ಋಣಕ್ಕೆ ನಿಂತ ಅಂತ ಕೇಳಿದರು. ಅವರು ಹೇಳಿದ್ದೇ ಸರಿ. ಪರೀಕ್ಷೆಯಲ್ಲಿ ನಾನು ಅದನ್ನೇ ಬರೆದೆ.

24 ವರ್ಷ ಮುಗಿಯುವ ಕೊನೆಯ ತಾಸಿನ ಬಗ್ಗೆ ಅಜ್ಜ ಬಿಡಿಸಿ ಬಿಡಿಸಿ ಕೇಳಿದರು. ಹನ್ನೊಂದು ಹೊಡೆಯುತ್ತದೆ. ನಕ್ಷತ್ರಗಳೇ ನಿಲ್ಲಿ ಅನ್ನುತ್ತಾನೆ ಫಾಸ್ಟಸ್. ಈ ತಾಸು ಒಂದು ವರ್ಷವಾಗಲಿ, ಒಂದು ತಿಂಗಳು, ಒಂದು ವಾರ, ಬರೀ ಒಂದು ದಿನವಾದರೂ ಆಗಲಿ. ಹನ್ನೊಂದೂವರೆ ಹೊಡೆಯುತ್ತದೆ. ಮೊದಲ ಅರ್ಧ ತಾಸಿಗಿಂತ ಆಮೇಲಿನ ಅರ್ಧ ತಾಸಿಗೆ ಮಾರ್ಲೋ ಕೊಟ್ಟ ಸಾಲುಗಳು ಕಡಿಮೆ. ಆಮೇಲೆ ಹನ್ನೆರಡು.

ಅಜ್ಜ ಕೈಯಲ್ಲಿದ್ದ ಅಡಿಕೆ ಬುಟ್ಟಿಗೆ ಹಾಕಿದರು. ಕೂತ ಮಣೆಯ ಅಂಚಿಗೆ ಬೆರಳಲ್ಲಿ ಬಾರಿಸತೊಡಗಿದರು. ಮೊದಲು ಬಿಡುಬಿಡಿಯಾಗಿ, ಆಮೇಲೆ ಒತ್ತೊತ್ತಾಗಿ, ಉಸಿರಿಗೂ ಜಾಗ ಇಲ್ಲದಷ್ಟು. ಒಮ್ಮೆಲೇ ನಿಲ್ಲಿಸಿದರು.

"ಹೀಗಾ?"

"ಹೂಂ ಅಜ್ಜ. ಹೀಗೇ."